ಯಕೃತ್ತಿನ ದುಡಿಮೆಯನ್ನು ಅಳೆಯುವ ಚಿತ್ರ

ಯಕೃತ್ತಿನ ಬಲಭಾಗದಲ್ಲಿ ಗೆಡ್ಡೆಯೊಂದು ಬೆಳೆದಿರುವ ರೋಗಿಯನ್ನು ಕಲ್ಪಿಸಿಕೊಳ್ಳೋಣ. ಆ ಭಾಗವನ್ನು ಕತ್ತರಿಸಿ ತೆಗೆದರೆ ಅವನು ಬದುಕುವ ಸಂಭವವುಂಟು. ತೆಗೆಯದಿದ್ದರೆ ಗೆಡ್ಡೆಯೇ ಅವನಿಗೆ ಮೃತ್ಯುವಾಗುತ್ತದೆ. ಆದರೆ ಬಲಭಾಗವೆಂದರೆ ಇಡೀ ಯಕೃತ್ತಿನ ಸುಮಾರು ಮೂರರಲ್ಲಿ ಎರಡು ಪಾಲು. ಉಳಿಯುವ ಎಡಭಾಗವು ಒಂಟಿಯಾಗಿ ದೇಹದ ಭಾರವನ್ನು ಹೊರಬಲ್ಲುದೆ? ಹೊರಲಾರದೆ ಹೋದರೆ, ಶಸ್ತ್ರಕ್ರಿಯೆ ಎಷ್ಟೇ ನಾಜೂಕಾಗಿ ನಡೆದಿರಲಿ, ಕೆಲವೇ ದಿನಗಳಲ್ಲಿ ಕಾಮಾಲೆ ಏರುತ್ತದೆ. ರಕ್ತ ಹೆಪ್ಪುಗಟ್ಟುವ ಶಕ್ತಿ ಕುಂದುತ್ತದೆ. ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಕೊನೆಗೆ ಪ್ರಜ್ಞೆಯೂ ಮಸುಳುತ್ತದೆ.

ಶಸ್ತ್ರವೈದ್ಯನು ಕತ್ತಿಯನ್ನು ಕೈಗೆತ್ತಿಕೊಳ್ಳುವ ಮೊದಲೇ ಉತ್ತರ ಕಂಡುಕೊಳ್ಳಬೇಕಾದ ಪ್ರಶ್ನೆ ಇದು. ಉತ್ತರ ತಪ್ಪಿದರೆ ಎರಡು ಬಗೆಯ ಅನಾಹುತಗಳು ಒದಗಬಹುದು. ಬದುಕಬಹುದಾಗಿದ್ದವನಿಗೆ ‘ನಿಮಗೆ ಶಸ್ತ್ರಚಿಕಿತ್ಸೆ ಸಾಧ್ಯವಿಲ್ಲ’ ಎಂದು ಹೇಳಿ ಮನೆಗೆ ಕಳುಹಿಸಿದಂತಾಗಬಹುದು. ಇಲ್ಲವೆ, ತಾಳಲಾರದವನನ್ನು ಶಸ್ತ್ರಕ್ರಿಯೆಗೆ ಒಡ್ಡಿದಂತಾಗಬಹುದು. ಆದ್ದರಿಂದ ಯಕೃತ್ತು ಎಷ್ಟು ಕೆಲಸ ಮಾಡುತ್ತಿದೆ ಎಂಬುದನ್ನಷ್ಟೇ ಅಲ್ಲ, ಅದರ ಯಾವ ಭಾಗ ಎಷ್ಟು ಕೆಲಸ ಮಾಡುತ್ತಿದೆ ಎಂಬುದನ್ನು ಅಳೆಯುವ ಉಪಾಯ ವೈದ್ಯರಿಗೆ ಬೇಕಾಗಿದೆ. ಎಂ.ಆರ್.ಐ. ಯಂತ್ರವೂ ಗ್ಯಾಡೊಲಿನಿಯಮ್ ಎಂಬ ಅಪರೂಪದ ಲೋಹವೂ ಕೂಡಿ ಅಂಥ ಒಂದು ಉಪಾಯವನ್ನು ಒದಗಿಸಿವೆ. ಅದು ಹೇಗೆಂಬುದನ್ನು ಈ ಲೇಖನದಲ್ಲಿ ವಿಚಾರಮಾಡೋಣ.

ಯಕೃತ್ತಿನ ಕೆಲಸವೇನು?

ಪಿತ್ತಜನಕಾಂಗವೆಂದೂ, ಆಡುಮಾತಿನಲ್ಲಿ ಈಲಿಯೆಂದೂ ಕರೆಯಲ್ಪಡುವ ಯಕೃತ್ತು ನಮ್ಮ ಹೊಟ್ಟೆಯ ಬಲಮೇಲ್ಭಾಗದಲ್ಲಿ, ಪಕ್ಕೆಲುಬುಗಳ ಮರೆಯಲ್ಲಿದೆ. ವಯಸ್ಕರಲ್ಲಿ ಇದರ ತೂಕ ಸುಮಾರು ಒಂದೂವರೆ ಕಿಲೋಗ್ರಾಂ. ದೇಹದ ಒಳಗಿನ ಅಂಗಗಳಲ್ಲಿ ಇದೇ ದೊಡ್ಡದು. ಬೇರೆ ಅಂಗಗಳಿಗೆ ಒಂದು ಮಾರ್ಗದಿಂದ ರಕ್ತ ಬಂದರೆ ಇದಕ್ಕೆ ಎರಡು ಮಾರ್ಗಗಳಿಂದ ಬರುತ್ತದೆ. ಆಮ್ಲಜನಕ ತುಂಬಿದ ರಕ್ತವನ್ನು ಅಪಧಮನಿ ತಂದರೆ, ಕರುಳಿನಲ್ಲಿ ಹೀರಲ್ಪಟ್ಟ ಆಹಾರಾಂಶಗಳಿಂದ ಕೂಡಿದ ರಕ್ತವನ್ನು ಪೋರ್ಟಲ್ ಅಭಿಧಮನಿ ತರುತ್ತದೆ. ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಈ ಎರಡನೆಯ ದಾರಿಯದೇ.

ಯಕೃತ್ತಿನ ಜೀವಕಣಗಳು ಸಾಲುಸಾಲಾಗಿ ಜೋಡಣೆಗೊಂಡಿವೆ. ಸಾಲಿನ ಒಂದು ಮಗ್ಗುಲಲ್ಲಿ ರಕ್ತ ಹರಿಯುತ್ತದೆ. ಜೀವಕಣಗಳ ನಡುವಿನ ಅತಿಸೂಕ್ಷ್ಮ ಕಾಲುವೆಗಳಲ್ಲಿ ಪಿತ್ತರಸ ಹರಿಯುತ್ತದೆ. ಒಂದೊಂದು ಜೀವಕಣವೂ ರಕ್ತದಿಂದ ತನಗೆ ಬೇಕಾದುದನ್ನು ಎತ್ತಿಕೊಂಡು, ಮಾರ್ಪಡಿಸಿ, ಕೆಲವನ್ನು ರಕ್ತಕ್ಕೆ ಹಿಂದಿರುಗಿಸುತ್ತದೆ. ಕೆಲವನ್ನು ಪಿತ್ತದ ಕಾಲುವೆಗೆ ಬಿಡುತ್ತದೆ. ಸಕ್ಕರೆಯ ಸಂಗ್ರಹ, ಆಲ್ಬ್ಯುಮಿನ್ ಎಂಬ ಪ್ರೋಟೀನಿನ ತಯಾರಿ, ರಕ್ತ ಹೆಪ್ಪುಗಟ್ಟಲು ಬೇಕಾದ ವಸ್ತುಗಳ ತಯಾರಿ, ಔಷಧಗಳ ಮತ್ತು ವಿಷಗಳ ವಿಲೇವಾರಿ, ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ ಪಿತ್ತರಸದ ಉತ್ಪತ್ತಿ, ಇವೆಲ್ಲವೂ ಈ ಜೀವಕಣಗಳ ದುಡಿಮೆಯೇ.

ಇದಕ್ಕೆ ಇನ್ನೊಂದು ವಿಶೇಷ ಗುಣವುಂಟು. ಆರೋಗ್ಯವಂತ ಯಕೃತ್ತಿನ ಹೆಚ್ಚಿನ ಭಾಗವನ್ನು ಕತ್ತರಿಸಿ ತೆಗೆದರೂ ಉಳಿದ ಭಾಗವು ಬೆಳೆದು, ಕೆಲವು ವಾರಗಳಿಂದ ಕೆಲವು ತಿಂಗಳುಗಳೊಳಗೆ ಕಳೆದುಹೋದ ಗಾತ್ರವನ್ನು ಬಹುಮಟ್ಟಿಗೆ ತುಂಬಿಕೊಳ್ಳುತ್ತದೆ. ತಂದೆಗೆ ಮಗನು, ಮಗುವಿಗೆ ತಾಯಿಯು ಯಕೃತ್ತಿನ ಪಾಲನ್ನು ದಾನಮಾಡಿ ತಾವೂ ಆರೋಗ್ಯದಿಂದ ಬಾಳುವುದು ಸಾಧ್ಯವಾಗಿರುವುದು ಈ ಗುಣದಿಂದಲೇ. ಆದರೆ ಹೊಸದಾಗಿ ಬೆಳೆಯುವವರೆಗೆ ಉಳಿದ ಪಾಲು ಇಡೀ ಸಂಸಾರವನ್ನು ತೂಗಿಸಬೇಕಲ್ಲವೆ? ಆ ಕೆಲವು ವಾರಗಳೇ ಕಂಟಕದ ಕಾಲ.

ರಕ್ತಪರೀಕ್ಷೆ ಹೇಳುವುದೂ ಹೇಳದಿರುವುದೂ

ಯಕೃತ್ತಿನ ಸ್ಥಿತಿಯನ್ನು ತಿಳಿಯಲು ವೈದ್ಯರು ಮೊದಲು ರಕ್ತವನ್ನೇ ಪರೀಕ್ಷಿಸುತ್ತಾರೆ. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಹುಟ್ಟುವ ಬಿಲಿರೂಬಿನ್ ಎಂಬ ಹಳದಿ ವಸ್ತುವನ್ನು ಹೊರಹಾಕುವುದು ಯಕೃತ್ತಿನ ಕೆಲಸ. ಅದು ರಕ್ತದಲ್ಲಿ ಹೆಚ್ಚಿದ್ದರೆ ವಿಲೇವಾರಿ ಕುಂಠಿತವಾಗಿದೆಯೆಂದು ಊಹಿಸಬಹುದು. ಆಲ್ಬ್ಯುಮಿನ್ ಕಡಿಮೆಯಾಗಿದ್ದರೆ, ರಕ್ತ ಹೆಪ್ಪುಗಟ್ಟಲು ತಡವಾದರೆ, ತಯಾರಿಕೆ ಕುಂದಿದೆಯೆಂದು ಸಂಶಯಿಸಬಹುದು. ಈ ಮೂರರ ಜೊತೆಗೆ ಹೊಟ್ಟೆಯಲ್ಲಿ ನೀರು ತುಂಬಿರುವುದು ಮತ್ತು ಮನಸ್ಸು ಮಂಕಾಗಿರುವುದು ಎಂಬ ಎರಡು ಲಕ್ಷಣಗಳನ್ನೂ ಸೇರಿಸಿ ಅಂಕ ಕೊಡುವ ಚೈಲ್ಡ್–ಪ್ಯೂ ಎಂಬ ಪದ್ಧತಿಯೊಂದು ಬಳಕೆಯಲ್ಲಿದೆ. ೧೯೬೪ರಲ್ಲಿ ಮೊದಲ ರೂಪ ಪಡೆದು ೧೯೭೩ರಲ್ಲಿ ತಿದ್ದುಪಡಿಯಾದ ಈ ಪದ್ಧತಿಯನ್ನು ಇಂದಿಗೂ ವೈದ್ಯರು ಬಿಟ್ಟಿಲ್ಲ.

ಆದರೂ ಇವುಗಳಲ್ಲಿ ಒಂದು ಕೊರತೆಯುಂಟು. ಪ್ರಕೃತಿಯು ಯಕೃತ್ತಿಗೆ ಅಗತ್ಯಕ್ಕಿಂತ ಬಹಳ ಹೆಚ್ಚಿನ ಶಕ್ತಿಯನ್ನು ಕೊಟ್ಟಿದೆ. ಅರ್ಧದಷ್ಟು ಕೆಟ್ಟಿದ್ದರೂ ಉಳಿದ ಅರ್ಧವು ನಿತ್ಯದ ಕೆಲಸವನ್ನು ನಡೆಸಿಕೊಂಡು ಹೋಗುತ್ತದೆ. ರಕ್ತದ ಅಂಕೆಗಳು ಸರಿಯಾಗಿಯೇ ಇರುತ್ತವೆ. ಮೀಸಲು ಶಕ್ತಿ ಎಷ್ಟು ಉಳಿದಿದೆ ಎಂಬುದು ಹೀಗೆ ಮರೆಯಲ್ಲಿಯೇ ಉಳಿಯುತ್ತದೆ.

ಮೀಸಲನ್ನು ಅಳೆಯಬೇಕಾದರೆ ಯಕೃತ್ತಿಗೆ ಒಂದು ಕೆಲಸವನ್ನು ಕೊಟ್ಟು ಅದನ್ನು ಎಷ್ಟು ಬೇಗ ಮಾಡಿ ಮುಗಿಸುತ್ತದೆಂದು ನೋಡಬೇಕು. ಈ ವಿಚಾರ ಹೊಸದಲ್ಲ. ೧೯೦೯ರಲ್ಲಿ ಅಮೆರಿಕದ ಏಬಲ್ ಮತ್ತು ರೌನ್‌ಟ್ರೀ ಎಂಬವರು ಕ್ಲೋರಿನ್ ಸೇರಿದ ಒಂದು ಬಣ್ಣವನ್ನು ರಕ್ತಕ್ಕೆ ಸೇರಿಸಿದರೆ ಅದು ಮೂತ್ರದಲ್ಲಿ ಹೋಗದೆ ಬಹುಪಾಲು ಪಿತ್ತದಲ್ಲಿ ಹೊರಬೀಳುತ್ತದೆಂದು ತೋರಿಸಿದರು. ಅದರ ಆಧಾರದ ಮೇಲೆ ರೌನ್‌ಟ್ರೀಯೂ ಆತನ ಸಂಗಡಿಗರೂ ೧೯೧೩ರಲ್ಲಿ ಯಕೃತ್ತಿನ ಪರೀಕ್ಷೆಯೊಂದನ್ನು ರೂಪಿಸಿದರು. ೧೯೨೪ರಲ್ಲಿ ಸೇಂಟ್ ಲೂಯಿಯ ಗ್ರಹಾಂ ಮತ್ತು ಕೋಲ್ ಎಂಬ ಶಸ್ತ್ರವೈದ್ಯರು ಕ್ಲೋರಿನ್ನಿಗೆ ಬದಲು ಬ್ರೋಮಿನ್ ಸೇರಿದ ಅದೇ ಜಾತಿಯ ವಸ್ತುವನ್ನು ಪ್ರಯೋಗಿಸಿ, ಪಿತ್ತಕೋಶವನ್ನು ಕ್ಷ-ಕಿರಣದ ಚಿತ್ರದಲ್ಲಿ ಕಾಣುವಂತೆ ಮಾಡಿದರು. ಯಕೃತ್ತೇ ಎತ್ತಿಕೊಂಡು ಪಿತ್ತಕ್ಕೆ ಸುರಿದ ವಸ್ತುವು ಚಿತ್ರದಲ್ಲಿ ಕಾಣಿಸುವಂತೆ ಮಾಡುವುದು: ಇಂದಿನ ಎಂ.ಆರ್.ಐ. ಪರೀಕ್ಷೆಯ ತತ್ತ್ವವೂ ಇದೇ ಎಂಬುದನ್ನು ವಾಚಕರು ಮುಂದೆ ಕಾಣುವರು.

೧೯೫೦ರ ದಶಕದಲ್ಲಿ ಬಳಕೆಗೆ ಬಂದ ಇಂಡೊಸಯನೀನ್ ಗ್ರೀನ್ ಎಂಬ ಹಸಿರು ಬಣ್ಣವು ಇಂದಿಗೂ ಉಪಯೋಗದಲ್ಲಿದೆ. ಅದನ್ನು ರಕ್ತಕ್ಕೆ ಚುಚ್ಚಿ ೧೫ ನಿಮಿಷಗಳಾದ ಮೇಲೆ ಎಷ್ಟು ಉಳಿದಿದೆಯೆಂದು ಅಳೆಯುತ್ತಾರೆ. ಆರೋಗ್ಯವಂತರಲ್ಲಿ ನೂರಕ್ಕೆ ೧೦ಕ್ಕಿಂತ ಕಡಿಮೆ ಉಳಿದಿರುತ್ತದೆ. ಯಕೃತ್ತು ಬಳಲಿದಷ್ಟೂ ಉಳಿಕೆ ಹೆಚ್ಚು. ಎಷ್ಟು ಭಾಗವನ್ನು ಕತ್ತರಿಸಬಹುದೆಂದು ನಿರ್ಧರಿಸಲು ಜಪಾನಿನ ಶಸ್ತ್ರವೈದ್ಯರು ಈ ಅಂಕೆಯನ್ನು ಬಹುಕಾಲದಿಂದ ನೆಚ್ಚಿಕೊಂಡಿದ್ದಾರೆ.

ಆದರೆ ಈ ಪರೀಕ್ಷೆಯೂ ಇಡೀ ಯಕೃತ್ತಿನ ಮೊತ್ತವನ್ನು ಹೇಳುವುದೇ ಹೊರತು ಭಾಗಭಾಗದ ಲೆಕ್ಕವನ್ನಲ್ಲ. ಅವಿಭಕ್ತ ಕುಟುಂಬವೊಂದರಲ್ಲಿ ನಾಲ್ವರು ಅಣ್ಣತಮ್ಮಂದಿರ ದುಡಿಮೆ ಒಂದೇ ಗಂಟಿಗೆ ಸೇರುತ್ತದೆ. ವರ್ಷದ ಆದಾಯ ಇಷ್ಟೆಂದು ಲೆಕ್ಕದ ಪುಸ್ತಕ ಹೇಳುತ್ತದೆ. ಯಾರು ದುಡಿದರು, ಯಾರು ಕುಳಿತು ಉಂಡರು ಎಂಬುದನ್ನು ಹೇಳುವುದಿಲ್ಲ. ಮನೆ ಪಾಲಾಗುವ ದಿನ ಬಂದಾಗಲೇ ಆ ಪ್ರಶ್ನೆ ಏಳುವುದು. ಯಕೃತ್ತನ್ನು ಕತ್ತರಿಸುವುದೆಂದರೆ ಮನೆಯನ್ನು ಪಾಲುಮಾಡಿದಂತೆಯೇ.

ಗಾತ್ರವೇ ಶಕ್ತಿಯಲ್ಲ

ಭಾಗಭಾಗದ ಲೆಕ್ಕಕ್ಕೆ ವೈದ್ಯರು ಸಾಮಾನ್ಯವಾಗಿ ಅನುಸರಿಸುವ ಮಾರ್ಗ ಗಾತ್ರದ್ದು. ಸಿ.ಟಿ. ಸ್ಕ್ಯಾನಿನ ಚಿತ್ರಗಳಿಂದ ಉಳಿಯಲಿರುವ ಭಾಗದ ಗಾತ್ರವನ್ನು ಅಳೆದು, ಅದು ಒಟ್ಟಿನಲ್ಲಿ ಎಷ್ಟು ಪಾಲೆಂದು ನೋಡುತ್ತಾರೆ. ಆರೋಗ್ಯವಂತ ಯಕೃತ್ತಾದರೆ ನೂರಕ್ಕೆ ೨೦ರಿಂದ ೩೦ರಷ್ಟು ಉಳಿದರೆ ಸಾಕು. ಗಂಟುಗಟ್ಟಿ ಗಡುಸಾಗಿರುವ, ಸಿರೋಸಿಸ್ ಎಂಬ ವ್ಯಾಧಿಗೆ ತುತ್ತಾದ ಯಕೃತ್ತಾದರೆ ಸುಮಾರು ೪೦ರಷ್ಟಾದರೂ ಉಳಿಯಬೇಕೆಂಬುದು ರೂಢಿಯ ನಿಯಮ.

ಆದರೆ ನಮ್ಮ ನಾಡಿನ ಹಳೆಯ ಕೆರೆಗಳನ್ನು ನೋಡಿರಿ. ದಂಡೆಯಿಂದ ದಂಡೆಗೆ ಅಳೆದರೆ ವಿಸ್ತಾರ ಹಿಂದಿನಷ್ಟೇ ಇರುತ್ತದೆ; ಹೂಳು ತುಂಬಿದ ಕೆರೆ ಎಷ್ಟು ಗದ್ದೆಗೆ ನೀರುಣಿಸೀತೆಂಬುದು ಮಾತ್ರ ಆ ಅಳತೆಯಿಂದ ತಿಳಿಯದು. ಯಕೃತ್ತಿನಲ್ಲಿಯೂ ಹಾಗೆಯೇ. ಕೊಬ್ಬು ತುಂಬಿದ, ನಾರುಗಟ್ಟಿದ, ಕ್ಯಾನ್ಸರ್ ಔಷಧಗಳಿಂದ ಬಳಲಿದ ಅಥವಾ ಪಿತ್ತನಾಳ ಕಟ್ಟಿಕೊಂಡಿರುವ ಭಾಗವು ಗಾತ್ರದಲ್ಲಿ ದೊಡ್ಡದಿದ್ದರೂ ಕೆಲಸದಲ್ಲಿ ಸಣ್ಣದಾಗಿರಬಹುದು. ಅದೂ ಅಲ್ಲದೆ ವ್ಯಾಧಿಯು ಎಲ್ಲ ಭಾಗಗಳನ್ನೂ ಸಮನಾಗಿ ಹಿಡಿಯಬೇಕೆಂದಿಲ್ಲ. ಆದ್ದರಿಂದ ಗಾತ್ರವನ್ನೂ ದುಡಿಮೆಯನ್ನೂ ಒಂದೇ ಚಿತ್ರದಲ್ಲಿ ತೋರಿಸುವ ಪರೀಕ್ಷೆಯ ಅಗತ್ಯ ಕಂಡುಬಂದಿತು.

ಅಯಸ್ಕಾಂತವೂ ನೀರೂ

ಎಂ.ಆರ್.ಐ. ಯಂತ್ರದಲ್ಲಿ ಕ್ಷ-ಕಿರಣಗಳಿಲ್ಲ, ಬಲವಾದ ಅಯಸ್ಕಾಂತ ಮತ್ತು ರೇಡಿಯೋ ತರಂಗಗಳು ಮಾತ್ರ ಇವೆ. ನಮ್ಮ ದೇಹದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರು. ನೀರಿನ ಒಂದೊಂದು ಅಣುವಿನಲ್ಲಿಯೂ ಎರಡು ಜಲಜನಕದ ಪರಮಾಣುಗಳಿವೆ. ಜಲಜನಕದ ಪರಮಾಣು ಬೀಜವೆಂದರೆ ಒಂದೇ ಒಂದು ಪ್ರೋಟಾನು. ಅದು ಪುಟ್ಟ ಅಯಸ್ಕಾಂತದಂತೆ ವರ್ತಿಸುತ್ತದೆ. ಸಾಧಾರಣವಾಗಿ ಈ ಪುಟ್ಟ ಅಯಸ್ಕಾಂತಗಳು ದಿಕ್ಕುದಿಕ್ಕಿಗೆ ಮುಖಮಾಡಿಕೊಂಡಿರುತ್ತವೆ. ಭೂಮಿಯ ಕಾಂತಶಕ್ತಿಗಿಂತ ಸುಮಾರು ೩೦,೦೦೦ ಪಟ್ಟು ಬಲವುಳ್ಳ, ಅಂದರೆ ೧.೫ ಟೆಸ್ಲಾ ಬಲದ ಯಂತ್ರದೊಳಗೆ ಮಲಗಿದಾಗ ಅವುಗಳಲ್ಲಿ ಒಂದು ಅಲ್ಪಭಾಗ ಯಂತ್ರದ ದಿಕ್ಕಿಗೆ ಒಲಿದು, ವಾಲಿದ ಬುಗುರಿಯಂತೆ ಸುತ್ತತೊಡಗುತ್ತದೆ. ಈ ಸುತ್ತಾಟ ಸೆಕೆಂಡಿಗೆ ಸುಮಾರು ೬ ಕೋಟಿ ೪೦ ಲಕ್ಷ ಬಾರಿ. ಅದೇ ಲಯದ ರೇಡಿಯೋ ತರಂಗವನ್ನು ಹಾಯಿಸಿದರೆ ಪ್ರೋಟಾನುಗಳು ಅದರ ಶಕ್ತಿಯನ್ನು ಹೀರಿ ಓಲುತ್ತವೆ. ತರಂಗವನ್ನು ನಿಲ್ಲಿಸಿದೊಡನೆ ತಾವೇ ಸಂಕೇತವನ್ನು ಬೀರುತ್ತಾ ಮೊದಲಿನ ಸ್ಥಿತಿಗೆ ಮರಳುತ್ತವೆ.

ಈ ವಿದ್ಯಮಾನವನ್ನು ೧೯೪೬ರಲ್ಲಿ ಬ್ಲಾಕ್ ಮತ್ತು ಪರ್ಸೆಲ್ ಎಂಬ ವಿಜ್ಞಾನಿಗಳು ಬೇರೆಬೇರೆಯಾಗಿ ಪ್ರಕಟಿಸಿ, ೧೯೫೨ರಲ್ಲಿ ನೊಬೆಲ್ ಬಹುಮಾನವನ್ನು ಹಂಚಿಕೊಂಡರು. ಇದರಿಂದ ಚಿತ್ರವನ್ನು ರಚಿಸುವ ಉಪಾಯವನ್ನು ೧೯೭೩ರಲ್ಲಿ ಪ್ರಕಟಿಸಿದ ಪಾಲ್ ಲಾಟರ್ಬರ್ ಅವರಿಗೂ, ಅದನ್ನು ಬೆಳೆಸಿದ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೂ ೨೦೦೩ರ ನೊಬೆಲ್ ಬಹುಮಾನ ಸಂದಿತು.

ಮರಳುವ ವೇಗ ಎಲ್ಲೆಡೆಯಲ್ಲಿಯೂ ಒಂದೇ ಸಮನಾಗಿಲ್ಲ. ಕೊಬ್ಬಿನಲ್ಲಿ ಬೇಗ, ನೀರಿನಲ್ಲಿ ನಿಧಾನ, ಯಕೃತ್ತಿನಲ್ಲಿ ನಡುವೆ. ಈ ಚೇತರಿಕೆಯ ಕಾಲವನ್ನು ಟಿ-೧ ಎಂದು ಕರೆಯುತ್ತಾರೆ. ಒಂದು ಬಗೆಯ ಎಂ.ಆರ್.ಐ. ಚಿತ್ರದಲ್ಲಿ ಬೇಗ ಚೇತರಿಸಿಕೊಳ್ಳುವ ಸ್ಥಳ ಬೆಳ್ಳಗೂ ತಡಮಾಡುವ ಸ್ಥಳ ಕಪ್ಪಗೂ ತೋರುತ್ತದೆ. ವಾಚಕರು ಈ ಟಿ-೧ ಎಂಬ ಹೆಸರನ್ನು ನೆನಪಿನಲ್ಲಿಡಬೇಕು. ನಮ್ಮ ಅಳತೆಗೋಲು ಇದೇ.

ಪಂಜರದೊಳಗಿನ ಲೋಹ

ನೀರಿನ ಪ್ರೋಟಾನುಗಳನ್ನು ಬೇಗ ಚೇತರಿಸುವಂತೆ ಮಾಡಬಲ್ಲ ಲೋಹ ಗ್ಯಾಡೊಲಿನಿಯಮ್. ೧೮೮೦ರಲ್ಲಿ ಜಿನೀವಾದ ಮಾರಿಗ್ನಾಕ್ ಎಂಬ ರಸಾಯನಶಾಸ್ತ್ರಜ್ಞನು ಇದನ್ನು ಕಂಡುಹಿಡಿದನು. ಅಪೂರ್ವ ಮೃತ್ತಿಕಾ ಲೋಹಗಳ ಸಂಶೋಧನೆಗೆ ಮೊದಲಿಟ್ಟ ಫಿನ್ಲೆಂಡಿನ ಯೋಹಾನ್ ಗ್ಯಾಡೊಲಿನ್ ಎಂಬ ವಿದ್ವಾಂಸನ ಹೆಸರು ಇದಕ್ಕೆ ನಿಂತಿದೆ. ಈ ಲೋಹದ ಅಯಾನಿನಲ್ಲಿ ಜೋಡಿಯಿಲ್ಲದ ಏಳು ಎಲೆಕ್ಟ್ರಾನುಗಳಿವೆ. ಜೋಡಿಯಿಲ್ಲದ ಎಲೆಕ್ಟ್ರಾನು ಪ್ರೋಟಾನಿಗಿಂತ ನೂರಾರು ಪಟ್ಟು ಬಲವಾದ ಅಯಸ್ಕಾಂತ. ಅಂಥ ಏಳರ ಸಮೀಪಕ್ಕೆ ಬಂದ ನೀರಿನ ಅಣುವಿನ ಪ್ರೋಟಾನುಗಳು ತಮ್ಮ ಶಕ್ತಿಯನ್ನು ಬೇಗನೆ ಬಿಟ್ಟುಕೊಟ್ಟು ಚೇತರಿಸಿಕೊಳ್ಳುತ್ತವೆ. ಎಂದರೆ, ಚಿತ್ರದಲ್ಲಿ ನಾವು ಕಾಣುವುದು ಲೋಹವನ್ನಲ್ಲ. ಲೋಹದ ನೆರೆಯಲ್ಲಿರುವ ನೀರನ್ನು. ಗ್ಯಾಡೊಲಿನಿಯಮ್ ಹೋದೆಡೆಯಲ್ಲಿ ನೀರು ಬೆಳಗುತ್ತದೆ.

ಆದರೆ ಬಿಡಿಯಾದ ಗ್ಯಾಡೊಲಿನಿಯಮ್ ಅಯಾನು ದೇಹಕ್ಕೆ ವಿಷ. ಆದ್ದರಿಂದ ಅದನ್ನು ದೊಡ್ಡ ಸಾವಯವ ಅಣುವೊಂದರ ಪಂಜರದಲ್ಲಿ ಬಿಗಿದು ಕಳುಹಿಸಬೇಕು. ಇಂಥ ಮೊದಲ ಔಷಧ ೧೯೮೮ರಲ್ಲಿ ವೈದ್ಯರ ಕೈಗೆ ಬಂದಿತು. ಆಸ್ಪತ್ರೆಗಳಲ್ಲಿ ‘ಕಾಂಟ್ರಾಸ್ಟ್’ ಎಂದು ಕರೆಯುವುದು ಈ ಬಗೆಯ ಚುಚ್ಚುಮದ್ದನ್ನೇ. ಆ ಮೊದಲ ಔಷಧವು ರಕ್ತದೊಡನೆ ಹರಿದು, ಜೀವಕಣಗಳ ಒಳಹೊಗದೆ, ಮೂತ್ರಪಿಂಡಗಳ ಮೂಲಕ ಹೊರಟುಹೋಗುತ್ತಿತ್ತು. ರಕ್ತ ಎಲ್ಲಿ ಹರಿಯುತ್ತದೆಂಬುದನ್ನು ಅದು ತೋರಿಸುತ್ತಿತ್ತು. ಜೀವಕಣಗಳು ಬದುಕಿ ದುಡಿಯುತ್ತಿವೆಯೆ ಎಂಬುದನ್ನು ತೋರಿಸಲು ಅದಕ್ಕೆ ಸಾಧ್ಯವಿರಲಿಲ್ಲ.

ಯಕೃತ್ತಿನ ಬಾಗಿಲು

ರಸಾಯನಶಾಸ್ತ್ರಜ್ಞರು ಆ ಪಂಜರಕ್ಕೆ ಈಥಾಕ್ಸಿ-ಬೆಂಜೈಲ್ ಎಂಬ ಒಂದು ಬಾಲವನ್ನು ಜೋಡಿಸಿದರು. ಅಷ್ಟರಿಂದಲೇ ವಸ್ತುವಿನ ನಡತೆ ಬದಲಾಯಿತು. ಯಕೃತ್ತಿನ ಜೀವಕಣದ ಪೊರೆಯಲ್ಲಿ ರಕ್ತದ ಕಡೆಗೆ ತೆರೆಯುವ ಬಾಗಿಲುಗಳಂತಿರುವ ಕೆಲವು ಪ್ರೋಟೀನುಗಳಿವೆ, ಓ.ಎ.ಟಿ.ಪಿ. ಎಂಬುದು ಅವುಗಳ ಸಂಕ್ಷಿಪ್ತನಾಮ. ಬಿಲಿರೂಬಿನ್, ಪಿತ್ತಾಮ್ಲಗಳು, ಹಲವು ಔಷಧಗಳು ಒಳಬರಲು ಇಂಥ ಬಾಗಿಲುಗಳೇ ದಾರಿ. ಬಾಲವುಳ್ಳ ಹೊಸ ವಸ್ತುವನ್ನೂ ಇವು ಒಳಕ್ಕೆ ಬಿಟ್ಟುಕೊಳ್ಳುತ್ತವೆ. ಬಳಿಕ ಎಂ.ಆರ್.ಪಿ.-೨ ಎಂಬ ಇನ್ನೊಂದು ಪ್ರೋಟೀನು ಅದನ್ನು ಪಿತ್ತದ ಕಾಲುವೆಗೆ ನೂಕುತ್ತದೆ.

ಈ ವಸ್ತುವಿನ ಹೆಸರು ಗ್ಯಾಡೊಕ್ಸೆಟಿಕ್ ಆಮ್ಲ. ೨೦೦೪ರಲ್ಲಿ ಸ್ವೀಡನ್ನಿನಲ್ಲಿ ಇದಕ್ಕೆ ಮೊದಲ ಒಪ್ಪಿಗೆ ದೊರೆಯಿತು. ೨೦೦೮ರಲ್ಲಿ ಅಮೆರಿಕದಲ್ಲಿ ದೊರೆಯಿತು. ಪ್ರಿಮೋವಿಸ್ಟ್, ಇಯೋವಿಸ್ಟ್ ಎಂಬ ಹೆಸರುಗಳಿಂದ ಮಾರಾಟದಲ್ಲಿದೆ. ಆರೋಗ್ಯವಂತರಲ್ಲಿ ಚುಚ್ಚಿದ ಪ್ರಮಾಣದ ಸುಮಾರು ಅರ್ಧ ಯಕೃತ್ತಿನ ಮೂಲಕ ಪಿತ್ತಕ್ಕೂ ಉಳಿದರ್ಧ ಮೂತ್ರಪಿಂಡಗಳ ಮೂಲಕ ಮೂತ್ರಕ್ಕೂ ಹೋಗುತ್ತದೆ. ಮೇಲೆ ಹೇಳಿದ ಹಸಿರು ಬಣ್ಣವೂ ಬಹುಮಟ್ಟಿಗೆ ಇದೇ ಬಗೆಯ ಬಾಗಿಲುಗಳಿಂದಲೇ ಒಳಹೊಗುತ್ತದೆ. ಆದ್ದರಿಂದ ಎರಡು ಪರೀಕ್ಷೆಗಳ ಫಲಗಳಿಗೂ ಸಾಕಷ್ಟು ಹೊಂದಾಣಿಕೆಯಿರುವುದು ಆಶ್ಚರ್ಯವಲ್ಲ. ಹಸಿರು ಬಣ್ಣ ಒಂದು ಅಂಕೆಯನ್ನು ಮಾತ್ರ ಕೊಡುತ್ತದೆ, ಇದು ಒಂದು ನಕ್ಷೆಯನ್ನೇ ಕೊಡುತ್ತದೆ ಎಂಬುದು ವ್ಯತ್ಯಾಸ.

ಇಪ್ಪತ್ತು ನಿಮಿಷಗಳ ಪರೀಕ್ಷೆ

ರೋಗಿಯು ಯಂತ್ರದೊಳಗೆ ಮಲಗಿದ ಮೇಲೆ ಮೊದಲು ಕಾಂಟ್ರಾಸ್ಟ್ ಇಲ್ಲದೆ ಚಿತ್ರಗಳನ್ನು ತೆಗೆಯುತ್ತಾರೆ. ಅನಂತರ ತೋಳಿನ ರಕ್ತನಾಳಕ್ಕೆ ಔಷಧವನ್ನು ಚುಚ್ಚುತ್ತಾರೆ. ಕಿಲೋಗ್ರಾಂ ತೂಕಕ್ಕೆ ೦.೧ ಮಿಲಿಲೀಟರಿನಂತೆ, ೬೦ ಕಿಲೋಗ್ರಾಂ ತೂಗುವವರಿಗೆ ೬ ಮಿಲಿಲೀಟರು ಸಾಕು. ಮೊದಲ ಅರ್ಧ ನಿಮಿಷದ ಸುಮಾರಿಗೆ ಅಪಧಮನಿಗಳು ಬೆಳಗುತ್ತವೆ. ಒಂದು ನಿಮಿಷ ಕಳೆಯುವಷ್ಟರಲ್ಲಿ ಪೋರ್ಟಲ್ ಅಭಿಧಮನಿ ಬೆಳಗುತ್ತದೆ. ಆಮೇಲೆ ಔಷಧವು ಮೆಲ್ಲಮೆಲ್ಲನೆ ರಕ್ತದಿಂದ ಜೀವಕಣಗಳಿಗೆ ಸರಿಯುತ್ತದೆ. ಸುಮಾರು ೨೦ ನಿಮಿಷಗಳಾದಾಗ ತೆಗೆಯುವ ಚಿತ್ರವೇ ನಮಗೆ ಮುಖ್ಯವಾದದ್ದು. ಆರೋಗ್ಯವಂತ ಯಕೃತ್ತು ಆಗ ಬೆಳ್ಳಗೆ ಹೊಳೆಯುತ್ತದೆ. ಅದರ ನಡುವೆ ರಕ್ತನಾಳಗಳು ಕಪ್ಪಾಗಿ ಕಾಣುತ್ತವೆ. ಪಿತ್ತನಾಳಗಳಲ್ಲಿ ಬಿಳಿಯ ಗೆರೆ ಮೂಡಿರುತ್ತದೆ.

ಬೇರೆ ಅಂಗದಿಂದ ಬಂದು ನೆಲೆಸಿದ ಗೆಡ್ಡೆಯಲ್ಲಿ ಯಕೃತ್ತಿನ ಜೀವಕಣಗಳಿಲ್ಲ, ಬಾಗಿಲುಗಳೂ ಇಲ್ಲ. ಅದು ಬೆಳ್ಳನೆಯ ಹಿನ್ನೆಲೆಯಲ್ಲಿ ಕಪ್ಪು ಮಚ್ಚೆಯಾಗಿ ಎದ್ದು ತೋರುತ್ತದೆ. ಮೊದಲಿಗೆ ಈ ಔಷಧವನ್ನು ತಯಾರಿಸಿದ್ದು ಇಂಥ ಮಚ್ಚೆಗಳನ್ನು ಹುಡುಕುವುದಕ್ಕಾಗಿಯೇ. ಆದರೆ ಸಿರೋಸಿಸ್ ಮುದುರಿಸಿದ ಯಕೃತ್ತುಗಳಲ್ಲಿ ಹಿನ್ನೆಲೆಯೇ ಮಂಕಾಗಿರುವುದನ್ನು ವೈದ್ಯರು ಗಮನಿಸಿದರು. ದುಡಿಯುವ ಜೀವಕಣಗಳೂ ಅವುಗಳ ಬಾಗಿಲುಗಳೂ ಕಡಿಮೆಯಾದರೆ ಹೊಳಪೂ ಕಡಿಮೆಯಾಗಬೇಕಷ್ಟೆ. ಮಚ್ಚೆಯನ್ನು ಹುಡುಕಹೊರಟವರಿಗೆ ತೊಡಕಾಗಿದ್ದ ಈ ಮಂಕುತನವೇ ಯಕೃತ್ತಿನ ಶಕ್ತಿಯನ್ನು ತಿಳಿಯಬಯಸಿದವರಿಗೆ ಅಳತೆಯಾಯಿತು.

ಹೊಳಪನ್ನು ಅಂಕೆಗಿಳಿಸುವುದು

ಹೊಳಪನ್ನು ಅಳೆಯುವುದು ತೋರುವಷ್ಟು ಸುಲಭವಲ್ಲ. ಎಂ.ಆರ್.ಐ. ಚಿತ್ರದ ಬೆಳಕಿಗೆ ಗಜ, ಸೇರುಗಳಂಥ ಸ್ಥಿರವಾದ ಮಾನವಿಲ್ಲ. ಯಂತ್ರದಿಂದ ಯಂತ್ರಕ್ಕೆ ಅದು ಬೇರೆಯಾಗುತ್ತದೆ. ಈ ತೊಡಕನ್ನು ದಾಟಲು ಮೂರು ದಾರಿಗಳಿವೆ.

ಮೊದಲನೆಯದು, ನೆರೆಯ ಅಂಗದೊಡನೆ ಹೋಲಿಸುವುದು. ಹೊಟ್ಟೆಯ ಎಡಭಾಗದಲ್ಲಿರುವ ಗುಲ್ಮಕ್ಕೂ ರಕ್ತದ ಮೂಲಕ ಔಷಧ ತಲುಪುತ್ತದೆ; ಆದರೆ ಅಲ್ಲಿ ಯಕೃತ್ತಿನ ಬಾಗಿಲುಗಳಿಲ್ಲ. ಯಕೃತ್ತಿನ ಹೊಳಪನ್ನು ಗುಲ್ಮದ ಹೊಳಪಿನಿಂದ ಭಾಗಿಸಿದರೆ ಬರುವ ಸಂಖ್ಯೆ ೧ಕ್ಕಿಂತ ಎಷ್ಟು ಹೆಚ್ಚೋ ಅಷ್ಟು ಯಕೃತ್ತಿನ ಸ್ವಂತ ಗಳಿಕೆ. ಈ ಹೆಚ್ಚಳವನ್ನು ಗಾತ್ರದಿಂದ ಗುಣಿಸಿ ಒಂದು ಸೂಚ್ಯಂಕವನ್ನು ಪಡೆಯುವ ಕ್ರಮ ೨೦೧೧ರಲ್ಲಿ ಪ್ರಕಟವಾಯಿತು. ಲೆಕ್ಕಕ್ಕಾಗಿ ನಾವೇ ಊಹಿಸಿದ ಒಂದು ಉದಾಹರಣೆಯನ್ನು ನೋಡೋಣ. ಒಬ್ಬ ರೋಗಿಯಲ್ಲಿ ಉಳಿಯಲಿರುವ ಎಡಭಾಗ ೫೦೦ ಮಿಲಿಲೀಟರು, ಹೊಳಪಿನ ಅನುಪಾತ ೧.೪ ಇರಲಿ. ಇನ್ನೊಬ್ಬನಲ್ಲಿ ೪೦೦ ಮಿಲಿಲೀಟರು, ಅನುಪಾತ ೧.೯ ಇರಲಿ. ಮೊದಲಿನವನ ಸೂಚ್ಯಂಕ ೫೦೦ × ೦.೪ = ೨೦೦; ಎರಡನೆಯವನದು ೪೦೦ × ೦.೯ = ೩೬೦. ಗಾತ್ರವನ್ನಷ್ಟೇ ನೋಡಿದ್ದರೆ ಮೊದಲಿನವನೇ ಸುರಕ್ಷಿತನೆಂದು ಹೇಳುತ್ತಿದ್ದೆವು. ದುಡಿಮೆಯನ್ನು ನೋಡಿದಾಗ ತೀರ್ಪು ತಲೆಕೆಳಗಾಯಿತು.

ಎರಡನೆಯದು, ಟಿ-೧ ಕಾಲವನ್ನೇ ನೇರವಾಗಿ ಅಳೆಯುವುದು. ಇದು ಮಿಲಿಸೆಕೆಂಡುಗಳಲ್ಲಿ ಬರುವ ನಿಜವಾದ ಅಳತೆ. ಔಷಧಕ್ಕೆ ಮೊದಲು ೮೦೦ ಮಿಲಿಸೆಕೆಂಡು ಇದ್ದದ್ದು ೨೦ ನಿಮಿಷಗಳ ಬಳಿಕ ೩೨೦ಕ್ಕೆ ಇಳಿದರೆ ಇಳಿತ ನೂರಕ್ಕೆ ೬೦; ೫೬೦ಕ್ಕೆ ಮಾತ್ರ ಇಳಿದರೆ ನೂರಕ್ಕೆ ೩೦. ಇಳಿತ ಹೆಚ್ಚಿದ್ದಷ್ಟೂ ಜೀವಕಣಗಳು ಹೆಚ್ಚು ಔಷಧವನ್ನು ಎತ್ತಿಕೊಂಡಿವೆ ಎಂದರ್ಥ. ಚಿತ್ರದ ಒಂದೊಂದು ಚುಕ್ಕೆಗೂ ಈ ಲೆಕ್ಕವನ್ನು ಮಾಡಿ, ಯಕೃತ್ತಿನ ಭಾಗಭಾಗದ ನಕ್ಷೆಯನ್ನು ಬರೆಯಬಹುದು.

ಮೂರನೆಯದು, ಗಣಿತವಿಲ್ಲದೆ ಕಣ್ಣಂದಾಜಿನಿಂದ ಅಂಕ ಕೊಡುವುದು. ವಿಯೆನ್ನಾದ ತಜ್ಞರು ರೂಪಿಸಿದ ಕ್ರಮದಲ್ಲಿ ಮೂರು ಪ್ರಶ್ನೆಗಳಿವೆ. ಯಕೃತ್ತು ಬಲಮೂತ್ರಪಿಂಡಕ್ಕಿಂತ ಹೊಳೆಯುತ್ತಿದೆಯೆ? ಔಷಧವು ಪಿತ್ತನಾಳದಲ್ಲಿ ಎಲ್ಲಿಯವರೆಗೆ ತಲುಪಿದೆ? ಪೋರ್ಟಲ್ ಅಭಿಧಮನಿ ಯಕೃತ್ತಿಗಿಂತ ಕಪ್ಪಾಗಿದೆಯೆ? ಒಂದೊಂದಕ್ಕೂ ೦, ೧ ಅಥವಾ ೨ ಅಂಕ; ಒಟ್ಟು ೬. ಎತ್ತಿಕೊಳ್ಳುವಿಕೆ, ಹೊರಹಾಕುವಿಕೆ, ರಕ್ತದಿಂದ ತೆರವು ಎಂಬ ಮೂರು ಕೆಲಸಗಳೂ ಇದರಲ್ಲಿ ಅಡಗಿವೆಯೆಂಬುದನ್ನು ಗಮನಿಸಬೇಕು.

ನಿರ್ಧಾರದ ವೇಳೆಯಲ್ಲಿ

ಎಡಭಾಗದ ಶಕ್ತಿ ಸಾಲದೆಂದು ಕಂಡರೆ ಶಸ್ತ್ರವೈದ್ಯನು ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ. ಬಲಭಾಗಕ್ಕೆ ಹೋಗುವ ಪೋರ್ಟಲ್ ಅಭಿಧಮನಿಯ ಕವಲನ್ನು ಮುಚ್ಚಿದರೆ ರಕ್ತವೆಲ್ಲ ಎಡಕ್ಕೆ ತಿರುಗಿ, ಕೆಲವು ವಾರಗಳಲ್ಲಿ ಎಡಭಾಗವು ಬೆಳೆಯುತ್ತದೆ. ಈ ಉಪಾಯವನ್ನು ೧೯೮೦ರ ದಶಕದಲ್ಲಿ ಜಪಾನಿನ ವೈದ್ಯರು ಬಳಕೆಗೆ ತಂದರು. ಆದರೆ ಗಾತ್ರ ಬೆಳೆದ ವೇಗದಲ್ಲಿಯೇ ದುಡಿಮೆಯೂ ಬೆಳೆಯಬೇಕೆಂಬ ನಿಯಮವಿಲ್ಲ. ಮತ್ತೊಮ್ಮೆ ಚಿತ್ರ ತೆಗೆದು, ದುಡಿಮೆ ಸಾಕಷ್ಟು ಹೆಚ್ಚಿದೆಯೆಂದು ಖಚಿತಪಡಿಸಿಕೊಂಡ ಮೇಲೆ ಮುಂದುವರಿಯುವುದು ಕ್ಷೇಮ. ಯಕೃತ್ತಿನ ದಾನಿಗಳ ವಿಷಯದಲ್ಲಿ ಈ ಪರೀಕ್ಷೆಗೆ ಇನ್ನೂ ಹೆಚ್ಚಿನ ಬೆಲೆಯುಂಟು. ದಾನಿಯು ರೋಗಿಯಲ್ಲ, ಆರೋಗ್ಯವಂತನಾಗಿ ಬಂದವನು ಆರೋಗ್ಯವಂತನಾಗಿಯೇ ಮನೆಗೆ ಮರಳಬೇಕು. ಔಷಧ ಪಿತ್ತದಲ್ಲಿ ಇಳಿಯುವುದರಿಂದ ಅವನ ಪಿತ್ತನಾಳಗಳ ಕವಲುಗಳೂ ಇದೇ ಪರೀಕ್ಷೆಯಲ್ಲಿ ಕಾಣಸಿಗುತ್ತವೆ.

ಎಚ್ಚರಿಕೆಯ ಮಾತುಗಳು

ಈ ಪರೀಕ್ಷೆಯನ್ನು ಸರ್ವಶಕ್ತವೆಂದು ಭಾವಿಸಿದರೆ ತಪ್ಪಾದೀತು. ಮೊದಲನೆಯದಾಗಿ, ಇದು ಯಕೃತ್ತಿನ ನೂರಾರು ಕೆಲಸಗಳಲ್ಲಿ ಎತ್ತಿಕೊಂಡು ಹೊರಹಾಕುವ ಕೆಲಸವನ್ನು ಮಾತ್ರ ಅಳೆಯುತ್ತದೆ. ಉಳಿದವುಗಳನ್ನು ಅದರಿಂದ ಊಹಿಸಬೇಕು. ಬಾಗಿಲುಗಳು ಬೇರೆ ಕಾರಣಗಳಿಂದ ಮುಚ್ಚಿದ್ದರೆ ಊಹೆ ತಪ್ಪುತ್ತದೆ. ರೋಟರ್ ಸಿಂಡ್ರೋಮ್ ಎಂಬ ಅಪರೂಪದ ಆನುವಂಶಿಕ ಸ್ಥಿತಿಯಲ್ಲಿ ಓ.ಎ.ಟಿ.ಪಿ. ಬಾಗಿಲುಗಳೇ ಇಲ್ಲ, ಡೂಬಿನ್–ಜಾನ್ಸನ್ ಸಿಂಡ್ರೋಮ್ ಎಂಬುದರಲ್ಲಿ ಎಂ.ಆರ್.ಪಿ.-೨ ಕೆಲಸ ಮಾಡುವುದಿಲ್ಲ. ಮೊದಲನೆಯದರಲ್ಲಿ ಯಕೃತ್ತು ಬೆಳಗುವುದಿಲ್ಲ. ಎರಡನೆಯದರಲ್ಲಿ ಬೆಳಗಿದ ಯಕೃತ್ತು ಬೇಗ ಆರುವುದಿಲ್ಲ. ಎರಡರಲ್ಲಿಯೂ ಯಕೃತ್ತಿನ ಉಳಿದ ಕೆಲಸಗಳು ಸರಿಯಾಗಿಯೇ ಇರುತ್ತವೆ. ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಎಂಬ ಔಷಧವು ಒಳಬಾಗಿಲನ್ನು ತಡೆಯುತ್ತದೆ. ಬಿಲಿರೂಬಿನ್ ಡೆಸಿಲೀಟರಿಗೆ ೩ ಮಿಲಿಗ್ರಾಂ ಮ��ರಿದ ಕಾಮಾಲೆಯಲ್ಲಿ ಹೊಳಪು ಕುಗ್ಗುವುದರಿಂದ ಚಿತ್ರವನ್ನು ಎಚ್ಚರದಿಂದ ಓದಬೇಕು.

ಎರಡನೆಯದಾಗಿ, ಲೋಹದ ಪ್ರಶ್ನೆ. ಮೂತ್ರಪಿಂಡಗಳು ತೀವ್ರವಾಗಿ ಕೆಟ್ಟಿರುವವರಲ್ಲಿ ಕೆಲವು ಗ್ಯಾಡೊಲಿನಿಯಮ್ ಔಷಧಗಳಿಂದ ಚರ್ಮವೂ ಒಳಾಂಗಗಳೂ ಗಡುಸಾಗುವ ವ್ಯಾಧಿ ಬರುತ್ತದೆಂದು ೨೦೦೬ರಲ್ಲಿ ಗೊತ್ತಾಯಿತು. ಈ ಔಷಧಗಳ ಅಲ್ಪಾಂಶ ಮೆದುಳಿನಲ್ಲಿ ಉಳಿಯುತ್ತದೆಂಬುದಕ್ಕೆ ೨೦೧೪ರಿಂದ ಆಧಾರಗಳು ದೊರೆತವು. ಪಂಜರ ಅಷ್ಟು ಬಿಗಿಯಲ್ಲದ ಜಾತಿಯ ಔಷಧಗಳನ್ನು ರಕ್ತನಾಳಕ್ಕೆ ಚುಚ್ಚಿ ಬಳಸುವುದನ್ನು ಯೂರೋಪಿನ ಔಷಧ ನಿಯಂತ್ರಣ ಸಂಸ್ಥೆಯು ೨೦೧೭ರಲ್ಲಿ ತಡೆಹಿಡಿಯಿತು. ಗ್ಯಾಡೊಕ್ಸೆಟಿಕ್ ಆಮ್ಲವೂ ಅದೇ ಜಾತಿಯದಾದರೂ, ಬೇರೆ ವಿಧದಲ್ಲಿ ದೊರೆಯದ ಮಾಹಿತಿಯನ್ನು ಒದಗಿಸುವುದರಿಂದ ಯಕೃತ್ತಿನ ಪರೀಕ್ಷೆಗೆ ಮಾತ್ರ ಉಳಿಸಿಕೊಂಡಿತು. ಎಂದರೆ, ಕಾರಣವಿಲ್ಲದೆ ಮಾಡಿಸತಕ್ಕ ಪರೀಕ್ಷೆ ಇದಲ್ಲ. ದೇಹದಲ್ಲಿ ಲೋಹದ ತುಣುಕುಗಳೋ ಹೃದಯದ ಪೇಸ್‌ಮೇಕರೋ ಇದ್ದವರು ಅದನ್ನು ಮೊದಲೇ ತಿಳಿಸಬೇಕು.

ಮೂರನೆಯದಾಗಿ, ಯಾವ ಅಂಕೆಗಿಂತ ಕೆಳಗೆ ಹೋದರೆ ಅಪಾಯ ಎಂಬ ಗಡಿಯನ್ನು ಎಲ್ಲ ಯಂತ್ರಗಳಿಗೂ ಎಲ್ಲ ಆಸ್ಪತ್ರೆಗಳಿಗೂ ಒಪ್ಪುವಂತೆ ಇನ್ನೂ ಗೊತ್ತುಪಡಿಸಿಲ್ಲ. ಆದ್ದರಿಂದ ರಕ್ತಪರೀಕ್ಷೆ, ಗಾತ್ರದ ಲೆಕ್ಕ, ರೋಗಿಯ ವಯಸ್ಸು, ಅವನ ಒಟ್ಟು ಆರೋಗ್ಯ ಇವೆಲ್ಲವನ್ನೂ ಈ ಚಿತ್ರದ ಜೊತೆಗಿಟ್ಟು ತೂಗಬೇಕು.

ನಾವು ಮೊದಲಿಗೆ ಕಲ್ಪಿಸಿಕೊಂಡ ರೋಗಿಗೆ ಈಗ ಏನು ಹೇಳಬಹುದು? ಹಿಂದೆಯಾದರೆ ಅವನ ಎಡಭಾಗ ಇಷ್ಟು ದೊಡ್ಡದಿದೆ, ಸಾಕಾಗಬಹುದು ಎನ್ನುತ್ತಿದ್ದರು. ಈಗ ಆ ಭಾಗವು ತನಗೆ ಕೊಟ್ಟ ಕೆಲಸವನ್ನು ೨೦ ನಿಮಿಷಗಳಲ್ಲಿ ಎಷ್ಟು ಮಾಡಿತೆಂಬುದನ್ನು ನೋಡಿ ಹೇಳಬಹುದು. ಸಾಲದೆಂದು ಕಂಡರೆ ಅದನ್ನು ಬೆಳೆಸಿಕೊಳ್ಳಲು ಕಾಲವನ್ನು ಕೇಳಬಹುದು. ಬೇರೆ ಚಿಕಿತ್ಸೆಯನ್ನು ಆರಿಸಬಹುದು. ತೀರ್ಮಾನ ವೈದ್ಯನದೂ ರೋಗಿಯದೂ ಆಗಿಯೇ ಉಳಿಯುತ್ತದೆ. ಆದರೆ ಕೆರೆಯ ದಂಡೆಯನ್ನಷ್ಟೇ ಅಳೆದು ಗದ್ದೆಗೆ ಬೀಜ ಹಾಕುವುದಕ್ಕಿಂತ, ನೀರಿನ ಆಳವನ್ನು ನೋಡಿ ಹಾಕುವುದು ಮೇಲಲ್ಲವೆ?